ಯುವಜನರಲ್ಲಿ ಸಮಸ್ಯಾತ್ಮಕ ಸ್ಮಾರ್ಟ್‌ಫೋನ್ ಬಳಕೆ

ಫೋನನ್ನು ಬದಿಗಿಡಬೇಕೆಂದು ತನಗೇ ಅನ್ನಿಸಿದರೂ ಇಡಲಾಗದೆ, ನಿದ್ದೆಗೋ ಓದಿಗೋ ಕೆಲಸಕ್ಕೋ ಸಂಬಂಧಗಳಿಗೋ ಪೆಟ್ಟು ಬೀಳುತ್ತಿರುವುದು ಗೊತ್ತಿದ್ದರೂ ಬಳಕೆ ಮುಂದುವರಿಯುವ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞರು ಸಮಸ್ಯಾತ್ಮಕ ಸ್ಮಾರ್ಟ್‌ಫೋನ್ ಬಳಕೆ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ಮೊಬೈಲ್ ಚಟ, ಮೊಬೈಲ್ ಗೀಳು. ಇದರ ಬಗೆಗಿನ ಸಾರ್ವಜನಿಕ ಚರ್ಚೆ ಬಹುಪಾಲು ಮಕ್ಕಳ ಸುತ್ತಲೇ ನಡೆದಿದೆ. ಹದಿನೆಂಟು ದಾಟಿದವರ ಪಾಡು ಅದಕ್ಕಿಂತ ಬೇರೆ. ಮನೆ ಬಿಟ್ಟು ಹಾಸ್ಟೆಲ್ಲು, ಪಿಜಿ, ಬಾಡಿಗೆ ಕೋಣೆ ಸೇರಿದವರ ಕೈಯಿಂದ ಫೋನ್ ಇಸಿದುಕೊಳ್ಳುವ ಹಿರಿಯರು ಪಕ್ಕದಲ್ಲಿರುವುದಿಲ್ಲ. ಫೋನ್ ಬಿಟ್ಟೇ ಬದುಕುತ್ತೇನೆಂದರೆ ಅದಕ್ಕೂ ದಾರಿಯಿಲ್ಲ: ಹಾಲ್ ಟಿಕೆಟ್ಟು, ತರಗತಿಯ ಟಿಪ್ಪಣಿ, ಉದ್ಯೋಗದ ಅರ್ಜಿ, ಸಂಬಳ, ಮನೆ ಬಾಡಿಗೆ ಎಲ್ಲವೂ ಅದರೊಳಗೇ ಇವೆ. ಎಷ್ಟು ಗಂಟೆ ಫೋನ್ ಹಿಡಿದಿದ್ದರು ಎಂಬ ಲೆಕ್ಕದಿಂದ ಈ ವಯಸ್ಸಿನವರ ಸಮಸ್ಯೆ ಅರ್ಥವಾಗುವುದಿಲ್ಲ. ತಾವು ಮಾಡಬೇಕೆಂದುಕೊಂಡದ್ದಕ್ಕೂ ಮಾಡಿದ್ದಕ್ಕೂ ನಡುವೆ ಎಷ್ಟು ಅಂತರ ಬಿತ್ತು, ಆ ಅಂತರ ಬದುಕಿನ ಯಾವ ಭಾಗವನ್ನು ನುಂಗಿತು ಎಂದು ಕೇಳಿದಾಗಲೇ ಈವರೆಗಿನ ಸಂಶೋಧನೆಗಳು ಒಂದಕ್ಕೊಂದು ಕೂಡಿಬರುತ್ತವೆ.

ಫೋನ್ ಬಳಕೆಯನ್ನು ಸಮಸ್ಯೆಯಾಗಿ ಅಳೆಯುವ ಪ್ರಯತ್ನ ಸ್ಮಾರ್ಟ್‌ಫೋನಿಗಿಂತ ಹಳೆಯದು. 2005ರಲ್ಲಿ ಆಸ್ಟ್ರೇಲಿಯಾದ ಬಿಯಾಂಕಿ ಮತ್ತು ಫಿಲಿಪ್ಸ್ 27 ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿದಾಗ ಕೈಯಲ್ಲಿದ್ದದ್ದು ಕರೆ ಮತ್ತು ಎಸ್‌ಎಂಎಸ್‌ಗೆ ಸೀಮಿತವಾದ ಸಾದಾ ಮೊಬೈಲ್. 2007ರಲ್ಲಿ ಐಫೋನ್ ಬಂದ ಮೇಲೆ ಇಡೀ ಇಂಟರ್ನೆಟ್ ಜೇಬಿಗೆ ಇಳಿಯಿತು. 2013ರಲ್ಲಿ ದಕ್ಷಿಣ ಕೊರಿಯಾದ ಮಿನ್ ಕ್ವಾನ್ ಮತ್ತು ಸಂಗಡಿಗರು 33 ಪ್ರಶ್ನೆಗಳ ಸ್ಮಾರ್ಟ್‌ಫೋನ್ ವ್ಯಸನ ಮಾಪಕವನ್ನೂ ಅದರ 10 ಪ್ರಶ್ನೆಗಳ ಕಿರುರೂಪವನ್ನೂ ಹೊರತಂದರು. ಮುಂದಿನ ವರ್ಷಗಳಲ್ಲಿ ಹಲವು ಭಾಷೆಗಳಿಗೆ ಅನುವಾದಗೊಂಡು ಹೆಚ್ಚು ಬಳಕೆಗೆ ಬಂದದ್ದು ಈ ಕಿರುರೂಪವೇ. ಪ್ರಶ್ನೆಗಳ ಹಿಂದಿರುವ ಕಲ್ಪನೆ ಮಾತ್ರ ಮದ್ಯ ಮತ್ತು ಜೂಜಿನ ಅಧ್ಯಯನದಿಂದ ಬಂದದ್ದು. ಮನಸ್ಸನ್ನೆಲ್ಲ ಅದೇ ಆವರಿಸುವುದು, ಬೇಸರ ಕಳೆಯಲು ಅದನ್ನೇ ಹಿಡಿಯುವುದು, ದಿನದಿಂದ ದಿನಕ್ಕೆ ಹೆಚ್ಚು ಬೇಕೆನ್ನಿಸುವುದು, ಸಿಗದಿದ್ದರೆ ಚಡಪಡಿಸುವುದು, ಮನೆಮಂದಿಯೊಡನೆ ಜಟಾಪಟಿ, ಬಿಟ್ಟರೂ ಮತ್ತೆ ಅಲ್ಲಿಗೇ ಮರಳುವುದು: ಬ್ರಿಟನ್ನಿನ ಮಾರ್ಕ್ ಗ್ರಿಫಿತ್ಸ್ 2005ರಲ್ಲಿ ಎಲ್ಲ ವ್ಯಸನಗಳಿಗೂ ಸಮಾನವೆಂದು ಮಂಡಿಸಿದ ಈ 6 ಅಂಶಗಳ ಛಾಯೆಯನ್ನು ಇಂಥ ಪ್ರಶ್ನಾವಳಿಗಳಲ್ಲಿ ಸುಲಭವಾಗಿ ಗುರುತಿಸಬಹುದು.

ವೈದ್ಯಕೀಯ ವರ್ಗೀಕರಣಗಳು ಇಷ್ಟು ದೂರ ಬಂದಿಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ತನ್ನ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ವಸ್ತುಸೇವನೆಯಿಲ್ಲದ ವ್ಯಸನಗಳ ಪೈಕಿ ಜೂಜನ್ನಷ್ಟೇ ಒಪ್ಪಿ, ಇಂಟರ್ನೆಟ್ ಆಟಗಳ ಗೀಳನ್ನು ಹೆಚ್ಚಿನ ಅಧ್ಯಯನಕ್ಕೆ ಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗ ವರ್ಗೀಕರಣ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ಅದರಲ್ಲಿ ಗೇಮಿಂಗ್ ಅಸ್ವಸ್ಥತೆ ಸೇರಿತ್ತು; ಸ್ಮಾರ್ಟ್‌ಫೋನ್ ವ್ಯಸನಕ್ಕೆ ಜಾಗವಿರಲಿಲ್ಲ. ಪನೋವಾ ಮತ್ತು ಕಾರ್ಬೊನೆಲ್ 2018ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಇದನ್ನು ವ್ಯಸನವೆನ್ನಲು ಬೇಕಾದ ಪುರಾವೆ ಇಲ್ಲವೆಂದೇ ತೀರ್ಮಾನಿಸಿದರು. ಈ ಎಚ್ಚರಿಕೆ ಸರಿಯಾದುದೇ. ವ್ಯಸನವೆಂದು ಸಾಬೀತಾಗುವ ಮಟ್ಟಕ್ಕೆ ಮುಟ್ಟದ ತೊಂದರೆ ತೊಂದರೆಯೇ ಅಲ್ಲವೆಂದು ಅದರಿಂದ ಹೊರಡುವುದಿಲ್ಲ. ದೇಹಕ್ಕೆ ವಿಷವೇರಿಸದ, ಪ್ರಾಣಕ್ಕೆ ಎರವಾಗದ ಎಷ್ಟೋ ರೂಢಿಗಳು ಒಬ್ಬ ವಿದ್ಯಾರ್ಥಿಯ ಎರಡು ವರ್ಷಗಳನ್ನು ಹಾಳುಮಾಡಬಲ್ಲವು, ಮತ್ತು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಎರಡು ವರ್ಷ ಸಣ್ಣ ಮಾತಲ್ಲ.

ಎಷ್ಟು ಮಂದಿಗೆ ಈ ತೊಂದರೆಯಿದೆ ಎಂಬ ಪ್ರಶ್ನೆಗೆ ಸಿಗುವ ಉತ್ತರಗಳು ಗೊಂದಲ ಹುಟ್ಟಿಸುವಷ್ಟು ಬೇರೆಬೇರೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2019ರಲ್ಲಿ 41 ಅಧ್ಯಯನಗಳ ಸುಮಾರು 42 ಸಾವಿರ ಮಕ್ಕಳು ಮತ್ತು ಯುವಜನರ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಪ್ರಮಾಣ ಸಾಮಾನ್ಯವಾಗಿ ಶೇ. 10ರಿಂದ 30ರ ನಡುವೆ ಇತ್ತು. ಅದೇ ಸಂಸ್ಥೆಯವರು 18ರಿಂದ 30 ವಯಸ್ಸಿನ 1,043 ವಿದ್ಯಾರ್ಥಿಗಳನ್ನು ನೇರವಾಗಿ ಪ್ರಶ್ನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು ಶೇ. 38.9ಕ್ಕೆ ಏರಿತು. ಭಾರತದ ಹದಿಹರೆಯದವರ ಬಗ್ಗೆ 2014ರಲ್ಲಿ ಬಂದ ಒಂದು ಸಮೀಕ್ಷಾ ವಿಶ್ಲೇಷಣೆ ಶೇ. 39ರಿಂದ 44ರವರೆಗಿನ ಅಂಕಿಗಳನ್ನು ಕೊಟ್ಟಿತು, ಅದೂ ಅಗ್ಗದ ಡೇಟಾ ದೇಶಕ್ಕೆ ಬರುವ ಮೊದಲೇ. ಇಂಥ ಅಂಕಿಗಳು ಪತ್ರಿಕೆಗಳ ತಲೆಬರಹವಾಗುವಾಗ ಅವು ಹೇಗೆ ಹುಟ್ಟಿದವು ಎಂಬುದು ಮರೆಯಾಗುತ್ತದೆ. 10 ಪ್ರಶ್ನೆಗಳ ಕಿರುಮಾಪಕದಲ್ಲಿ ಒಟ್ಟು 60 ಅಂಕ. ಅದರಲ್ಲಿ ಹುಡುಗರಿಗೆ 31, ಹುಡುಗಿಯರಿಗೆ 33 ಎಂಬ ಗೆರೆ ಎಳೆದದ್ದು ಕೊರಿಯಾದ ಶಾಲಾ ಮಕ್ಕಳನ್ನು ಆಧರಿಸಿ. ಅದೇ ಗೆರೆಯನ್ನು ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗೋ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುವ ಉದ್ಯೋಗಿಗೋ ಹಾಗೆಹಾಗೇ ಹಚ್ಚಿದರೆ ಸಿಗುವ ಶೇಕಡಾವಾರನ್ನು ರೋಗಿಗಳ ಎಣಿಕೆ ಎಂದು ಓದುವುದು ತಪ್ಪು. ತಮ್ಮ ಬಳಕೆಯ ಬಗ್ಗೆ ತಮಗೇ ನೆಮ್ಮದಿಯಿಲ್ಲದವರ ಪಾಲು ಎಂದು ಅದನ್ನು ಓದಬಹುದು. ಆ ಪಾಲು ದೊಡ್ಡದಿದೆ ಎಂಬಷ್ಟನ್ನು ಮಾತ್ರ ಎಲ್ಲ ಅಧ್ಯಯನಗಳೂ ಒಪ್ಪುತ್ತವೆ.

ಮಾಪಕಗಳ ಮೇಲಿನ ಗಟ್ಟಿ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬಂತು. 2018ರಿಂದ ಐಫೋನುಗಳಲ್ಲೂ ಆಂಡ್ರಾಯ್ಡ್ ಫೋನುಗಳಲ್ಲೂ ಪರದೆಯ ಸಮಯವನ್ನು ಫೋನೇ ದಾಖಲಿಸತೊಡಗಿದ ಮೇಲೆ, ಜನ ಹೇಳುವುದನ್ನೂ ಫೋನ್ ಹೇಳುವುದನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಡೇವಿಡ್ ಎಲ್ಲಿಸ್ ಮತ್ತು ಸಂಗಡಿಗರು 2019ರಲ್ಲಿ 238 ಐಫೋನ್ ಬಳಕೆದಾರರನ್ನು ಪರೀಕ್ಷಿಸಿದಾಗ ಪ್ರಚಲಿತ ಮಾಪಕಗಳ ಅಂಕಕ್ಕೂ ನಿಜವಾದ ಬಳಕೆಗೂ ಇದ್ದ ನಂಟು ದುರ್ಬಲವಾಗಿತ್ತು. 2021ರಲ್ಲಿ ಡಗ್ಲಸ್ ಪ್ಯಾರಿ ಮತ್ತಿತರರು ಇಂಥ ಹಲವು ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿ, ತಮ್ಮ ಬಳಕೆಯ ಬಗ್ಗೆ ಜನ ಕೊಡುವ ಅಂದಾಜು ದಾಖಲೆಗೆ ಹೊಂದುವುದು ವಿರಳವೆಂದೂ, ಸಮಸ್ಯಾತ್ಮಕ ಬಳಕೆಯ ಮಾಪಕಗಳಂತೂ ದಾಖಲಾದ ಸಮಯದಿಂದ ಇನ್ನೂ ದೂರವೆಂದೂ ತೋರಿಸಿದರು. ಇದೇ ಮಾಪಕಗಳು ಖಿನ್ನತೆ ಮತ್ತು ಆತಂಕದ ಅಂಕಗಳೊಡನೆ ಮಾತ್ರ ಬಲವಾಗಿ ಹೊಂದುತ್ತವೆ. ಹಾಗಾದರೆ ಇವು ಅಳೆಯುತ್ತಿರುವುದು ಫೋನ್ ಬಳಕೆಯನ್ನೇ ಅಲ್ಲ, ಮನಸ್ಸು ನೊಂದವರು ತಮ್ಮೆಲ್ಲ ವರ್ತನೆಯನ್ನೂ ಕಪ್ಪಾಗಿಯೇ ಕಾಣುತ್ತಾರೆ ಎಂಬುದನ್ನಷ್ಟೇ ಎಂದು ವಿಮರ್ಶಕರು ವಾದಿಸಿದರು.

ಈ ವಾದದಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ತಿ ನಿಲ್ಲುವುದಿಲ್ಲ. ಗಂಟೆಯೇ ಸಮಸ್ಯೆಯ ಅಳತೆ ಎಂದುಕೊಂಡಾಗ ಮಾತ್ರ, ಗಂಟೆಗೆ ಹೊಂದದ ಮಾಪಕ ಕೆಟ್ಟದ್ದೆನ್ನಿಸುತ್ತದೆ. ದಿನಕ್ಕೆ 7 ಗಂಟೆ ಫೋನ್ ಹಿಡಿದ ಆಹಾರ ವಿತರಣೆಯ ಹುಡುಗನಿಗೆ ಅದು ದುಡಿಮೆಯ ಸಾಧನ. ದಿನಕ್ಕೆ 3 ಗಂಟೆ ಬಳಸುವ ಇನ್ನೊಬ್ಬಳಿಗೆ ಆ 3 ಗಂಟೆಗಳೂ ಮಧ್ಯರಾತ್ರಿಯ ಆಚೆ, ಮಲಗಬೇಕೆಂದುಕೊಂಡ ಹೊತ್ತಿನಲ್ಲೇ ಬಿದ್ದಿರಬಹುದು. ಕಿಂಗ್ಸ್ ಕಾಲೇಜಿನ 2021ರ ಅಧ್ಯಯನದ ಮುಖ್ಯ ಫಲಿತಾಂಶವೂ ಇದೇ: ಬಳಕೆಯ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಮಾಪಕದಲ್ಲಿ ಹೆಚ್ಚು ಅಂಕ ಪಡೆದವರ ನಿದ್ದೆ ಕೆಟ್ಟಿತ್ತು. ಅವಧಿಯನ್ನು ಹಾನಿಯ ಬದಲಿ ಅಳತೆಯಾಗಿ ಬಳಸಬಾರದೆಂದು ಸಂಶೋಧಕರು ಸ್ಪಷ್ಟವಾಗಿಯೇ ಬರೆದರು.

ಪ್ರಶ್ನಾವಳಿಯನ್ನು ನೆಚ್ಚದ ಪುರಾವೆ ಅರ್ಥಶಾಸ್ತ್ರದಿಂದ ಬಂದಿದೆ. ಈ ವಿಷಯದಲ್ಲಿ ನಡೆದ ಕೆಲಸಗಳಲ್ಲೆಲ್ಲ ಹೆಚ್ಚು ಮನವೊಪ್ಪಿಸುವುದು ಇದೇ. ಹಂಟ್ ಆಲ್ಕಾಟ್, ಮ್ಯಾಥ್ಯೂ ಜೆಂಟ್ಸ್‌ಕೋ ಮತ್ತು ಲೆನಾ ಸಾಂಗ್ 2020ರಲ್ಲಿ ಸುಮಾರು 2,000 ಅಮೆರಿಕನ್ನರ ಆಂಡ್ರಾಯ್ಡ್ ಫೋನುಗಳಲ್ಲಿ ಬಳಕೆಯನ್ನು ದಾಖಲಿಸುವ ತಂತ್ರಾಂಶ ಅಳವಡಿಸಿ ಪ್ರಯೋಗ ನಡೆಸಿದರು. ಕೆಲವರಿಗೆ ಬಳಕೆ ಇಳಿಸಿದರೆ ಹಣ. ಕೆಲವರಿಗೆ ತಮ್ಮ ಮೇಲೆ ತಾವೇ ಮಿತಿ ಹೇರಿಕೊಳ್ಳುವ ಸೌಲಭ್ಯ. ಹಣ ನಿಂತ ಮೇಲೂ ಮೊದಲ ಗುಂಪಿನ ಬಳಕೆ ಕೆಳಗೇ ಉಳಿಯಿತು. ಅಂದರೆ ಇಂದಿನ ಬಳಕೆಯ ಒಂದು ಭಾಗ ನಿನ್ನೆಯ ಬಳಕೆಯ ಅಭ್ಯಾಸಬಲದಿಂದಲೇ ನಡೆಯುತ್ತದೆ. ಮಿತಿಯ ಸೌಲಭ್ಯ ಸಿಕ್ಕವರು ಯಾರ ಒತ್ತಾಯವೂ ಇಲ್ಲದೆ ಅದನ್ನು ಬಳಸಿಕೊಂಡರು. ಸಾಮಾಜಿಕ ಜಾಲತಾಣಗಳಲ್ಲಿ ಕಳೆಯುವ ಸಮಯದ ಶೇ. 31ರಷ್ಟಕ್ಕೆ ಆತ್ಮನಿಯಂತ್ರಣದ ಸೋಲೇ ಕಾರಣವೆಂದು ಅವರ ಅಂದಾಜು. ಉಳಿದ ಸುಮಾರು ಮೂರನೇ ಎರಡು ಪಾಲು ಜನ ಬೇಕೆಂದೇ ಮಾಡುವ ಬಳಕೆ ಎಂಬುದನ್ನೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಪೂರ್ತಿ ಫೋನನ್ನೇ ಶತ್ರುವೆನ್ನುವವರಿಗೂ ಎಲ್ಲವೂ ಸ್ವಇಚ್ಛೆ ಎನ್ನುವವರಿಗೂ ಈ ಅಂಕಿ ಸೊಪ್ಪು ಹಾಕುವುದಿಲ್ಲ.

ಇಷ್ಟಾದರೂ ಇದು ವ್ಯಕ್ತಿಯ ಮನೋಬಲದ ಪ್ರಶ್ನೆ, ಗಟ್ಟಿ ಮನಸ್ಸಿದ್ದವರು ಬಿಡುತ್ತಾರೆ ಎನ್ನುವವರುಂಟು. ಹಾಗೆ ಹೇಳುವಾಗ ಎದುರು ಬದಿಯಲ್ಲಿ ಯಾರಿದ್ದಾರೆ ಎಂಬುದನ್ನು ನೋಡಬೇಕು. ಪುಟ ಮುಗಿಯಿತೆಂದು ಕೈ ನಿಲ್ಲುವ ಜಾಗವನ್ನೇ ತೆಗೆದುಹಾಕಿದ ಕೊನೆಯಿಲ್ಲದ ಸ್ಕ್ರಾಲ್‌ನ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಮುಂದೆ ಅದರ ಪರಿಣಾಮಗಳ ಬಗ್ಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಪರದೆಯನ್ನು ಕೆಳಕ್ಕೆಳೆದು ಬಿಟ್ಟಾಗ ಹೊಸದೇನಾದರೂ ಬರಬಹುದು, ಬರದಿರಬಹುದು. ಪ್ರತಿಫಲ ಯಾವಾಗ ಸಿಗುತ್ತದೆಂದು ತಿಳಿಯದಿರುವಾಗಲೇ ಪ್ರಾಣಿಗಳು ಎಡೆಬಿಡದೆ ಗುಂಡಿ ಒತ್ತುತ್ತವೆ ಎಂದು ಬಿ. ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಷ್ಟು ಹಿಂದೆಯೇ ದಾಖಲಿಸಿದ್ದರು. ಜೂಜಿನ ಯಂತ್ರಗಳು ನಿಂತಿರುವುದೂ ಈ ನಿಯಮದ ಮೇಲೇ. ಜಾಹೀರಾತಿನಿಂದ ಆದಾಯ ಬರುವ ಕಂಪನಿಗೆ ಬಳಕೆದಾರ ತಂಗುವ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಸಾವಿರಾರು ಎಂಜಿನಿಯರುಗಳು ಲಕ್ಷಾಂತರ ಜನರ ಮೇಲೆ ದಿನದಿನ ಪರೀಕ್ಷಿಸಿ ತಿದ್ದಿದ ವಿನ್ಯಾಸದೆದುರು ಒಬ್ಬ ಡಿಗ್ರಿ ವಿದ್ಯಾರ್ಥಿಯ ಮನೋಬಲವನ್ನು ನಿಲ್ಲಿಸಿ, ಸೋತಾಗ ಅವನನ್ನೇ ದೂರುವುದು ನ್ಯಾಯವಲ್ಲ.

ಯುವಜನರ ವಿಷಯದಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿಕೊಳ್ಳುತ್ತದೆ. ಗೆಳೆಯರೆಲ್ಲ ಇರುವ ಜಾಗದಿಂದ ಒಬ್ಬನೇ ಎದ್ದು ಬರುವುದು ದುಬಾರಿ. ಲಿಯೊನಾರ್ಡೊ ಬುರ್ಸ್ಟಿನ್ ಮತ್ತಿತರ ಅರ್ಥಶಾಸ್ತ್ರಜ್ಞರು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು 4 ವಾರ ಟಿಕ್‌ಟಾಕ್ ಬಿಡಲು ಎಷ್ಟು ಹಣ ಬೇಕೆಂದು ಕೇಳಿದಾಗ ಸರಾಸರಿ 59 ಡಾಲರ್ ಬೇಕೆಂದರು, ಇನ್‌ಸ್ಟಾಗ್ರಾಂಗೆ 47 ಡಾಲರ್. ಕಾಲೇಜಿನ ಎಲ್ಲರೂ ಒಟ್ಟಿಗೆ ಬಿಡುವುದಾದರೆ ಎಂದು ಕೇಳಿದಾಗ ಉತ್ತರ ತಿರುಗಿಬಿತ್ತು: ಹಾಗೆ ಆಗುವುದಾದರೆ ತಾವೇ ಸರಾಸರಿ 28 ಮತ್ತು 10 ಡಾಲರ್ ಕೊಡಲು ಸಿದ್ಧ. ಇಲ್ಲದೇ ಇದ್ದರೆ ಚೆನ್ನಾಗಿತ್ತು ಎಂದು ಬಹಳ ಮಂದಿಗೆ ಅನ್ನಿಸುವ ವಸ್ತುವನ್ನೇ, ಉಳಿದವರು ಬಳಸುತ್ತಾರೆಂಬ ಒಂದೇ ಕಾರಣಕ್ಕೆ ಎಲ್ಲರೂ ಬಳಸುವ ಈ ಸ್ಥಿತಿಯಲ್ಲಿ ಒಬ್ಬೊಬ್ಬರಿಗೆ ಉಪದೇಶ ಮಾಡುವುದರಿಂದ ಆಗುವುದು ಅತ್ಯಲ್ಪ.

ನಷ್ಟ ಮೊದಲು ಕಾಣಿಸುವುದು ನಿದ್ದೆಯಲ್ಲಿ. ಮನುಷ್ಯನ ದೇಹ ತಡವಾಗಿ ಮಲಗಿ ತಡವಾಗಿ ಏಳಲು ಬಯಸುವುದು ಬದುಕಿನಲ್ಲೇ ಹೆಚ್ಚಾಗಿ ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಎಂದು ಜರ್ಮನಿಯ ಟಿಲ್ ರೋನೆಬರ್ಗ್ ತಂಡ 2004ರಲ್ಲಿ ತೋರಿಸಿತು. ದೇಹ ಹಾಗೆ ಬೇಡುವ ವಯಸ್ಸಿನಲ್ಲೇ ಹಾಸಿಗೆಗೆ ಕೊನೆಯಿಲ್ಲದ ಮನರಂಜನೆ ಬಂದು ಸೇರುತ್ತದೆ, ಬೆಳಗಿನ ತರಗತಿಯೋ ಕಂಪನಿಯ ಕ್ಯಾಬೋ ಮಾತ್ರ ಕಾಯುವುದಿಲ್ಲ. ಪರದೆಯ ನೀಲಿ ಬೆಳಕೇ ನಿದ್ದೆಗೆಡಿಸುವ ಮುಖ್ಯ ಅಪರಾಧಿ ಎಂಬ ನಂಬಿಕೆ ವ್ಯಾಪಕವಾಗಿದೆ. ಅದಕ್ಕೆ ಅರ್ಹತೆಗಿಂತ ಹೆಚ್ಚು ಮಹತ್ವ ಸಿಕ್ಕಿದೆ. ಹೆಚ್ಚು ತೂಕದ ಕಾರಣ ಸರಳವಾದುದು, ಮಲಗುವ ಹೊತ್ತು ಮುಂದೆ ಹೋಗುತ್ತದೆ. ನೆದರ್ಲೆಂಡ್ಸಿನ ಫ್ಲೋರ್ ಕ್ರೂಸೆ ಮತ್ತು ಸಂಗಡಿಗರು 2014ರಲ್ಲಿ ವಿವರಿಸಿದಂತೆ, ತಡೆಯುವ ಹೊರಗಿನ ಕಾರಣ ಯಾವುದೂ ಇಲ್ಲದಿದ್ದರೂ ಮಲಗುವುದನ್ನು ಮುಂದೂಡುವುದು ಆತ್ಮನಿಯಂತ್ರಣದ ಕೊರತೆಗೆ ಹತ್ತಿರದ ವರ್ತನೆ. ಹಗಲೆಲ್ಲ ಬೇರೆಯವರ ಅಪ್ಪಣೆಯಲ್ಲಿ ಕಳೆದವರಿಗೆ ರಾತ್ರಿ ಹನ್ನೊಂದರ ಮೇಲಿನ ಹೊತ್ತೊಂದೇ ತಮ್ಮದೆನ್ನಿಸುವುದು ಸಹಜ. ದಿನವಿಡೀ ಬಳಲಿದವರ ನಿಯಂತ್ರಣ ದುರ್ಬಲವಾಗಿರುವುದೂ ಆಗಲೇ ಇರಬಹುದು. ಮರುದಿನ ಕೊರೆನಿದ್ದೆಯ ಮಂಪರಿನಲ್ಲಿ ಓದು ತಲೆಗೆ ಹತ್ತುವುದಿಲ್ಲ, ಬೇಸರ ಹೆಚ್ಚುತ್ತದೆ, ಬೇಸರ ಕಳೆಯಲು ಮತ್ತೆ ಫೋನ್. ಸಮಸ್ಯಾತ್ಮಕ ಬಳಕೆ ಒಂದು ದಿನದಿಂದ ಇನ್ನೊಂದು ದಿನಕ್ಕೆ ದಾಟುವುದು ಬಹುಮಟ್ಟಿಗೆ ಈ ಕೆಟ್ಟ ನಿದ್ದೆಯ ಮೂಲಕವೇ.

ಖಿನ್ನತೆ, ಆತಂಕಗಳ ಸಂಬಂಧ ಇಷ್ಟು ನೇರವಲ್ಲ. 2019ರ ಕಿಂಗ್ಸ್ ಕಾಲೇಜಿನ ಸಮೀಕ್ಷೆಯ ಪ್ರಕಾರ ಸಮಸ್ಯಾತ್ಮಕ ಬಳಕೆಯಿರುವವರಲ್ಲಿ ಖಿನ್ನತೆಯ ಸಂಭವದ ಅನುಪಾತ ಇತರರಿಗಿಂತ 3.17 ಪಟ್ಟು, ಆತಂಕದ್ದು 3.05 ಪಟ್ಟು. ಆದರೆ ಒಂದೇ ಹೊತ್ತಿನಲ್ಲಿ ಎರಡನ್ನೂ ಕೇಳಿ ಪಡೆದ ಇಂಥ ಅಂಕಿಗಳು ಯಾವುದು ಮೊದಲು ಎಂದು ಹೇಳಲಾರವು. ಮನಸ್ಸಿನ ನೋವಿನಿಂದ, ಒಂಟಿತನದಿಂದ ತಪ್ಪಿಸಿಕೊಳ್ಳಲು ಜನ ಇಂಟರ್ನೆಟ್ಟಿಗೆ ಮೊರೆಹೋಗುತ್ತಾರೆ, ಆದ್ದರಿಂದ ಮೂಲ ನೋವನ್ನು ಬಿಟ್ಟು ಬಳಕೆಯನ್ನಷ್ಟೇ ರೋಗವೆನ್ನುವುದು ತಪ್ಪು ಎಂದು ಡೇನಿಯಲ್ ಕಾರ್ಡೆಫೆಲ್ಟ್-ವಿಂಥರ್ 2014ರಲ್ಲಿ ವಾದಿಸಿದರು. ಊರು ಬಿಟ್ಟು ಬಂದು ಗುರುತು ಪರಿಚಯವಿಲ್ಲದ ನಗರದ ಕೋಣೆಯಲ್ಲಿರುವವರಿಗೆ, ವರ್ಷಗಟ್ಟಲೆ ಸ್ಪರ್ಧಾತ್ಮಕ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಆದರೂ ಕಾರಣದ ಬಾಣ ಒಂದೇ ದಿಕ್ಕಿಗೆ ಹಾರಬೇಕೆಂದೇನೂ ಇಲ್ಲ. 2025ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 467 ಮಂದಿಯ ಫೋನುಗಳಲ್ಲಿ 2 ವಾರ ಇಂಟರ್ನೆಟ್ ತಡೆಯುವ ವ್ಯವಸ್ಥೆ ಮಾಡಲಾಯಿತು. ಕರೆ, ಸಂದೇಶ, ಕಂಪ್ಯೂಟರ್ ಬಳಕೆಗೆ ಅಡ್ಡಿಯಿರಲಿಲ್ಲ. ಭಾಗವಹಿಸಿದವರಲ್ಲಿ ಶೇ. 91ರಷ್ಟು ಮಂದಿಗೆ ಏಕಾಗ್ರತೆ, ಮಾನಸಿಕ ಆರೋಗ್ಯ, ನೆಮ್ಮದಿ ಈ ಮೂರರಲ್ಲಿ ಕನಿಷ್ಠ ಒಂದಾದರೂ ಸುಧಾರಿಸಿತು. ಹಲವರು ಆ ತಡೆಯನ್ನು ಪೂರ್ತಿ ಪಾಲಿಸಲಾಗದೆ ಹೋದರು ಎಂಬುದೂ ಫಲಿತಾಂಶದಷ್ಟೇ ಗಮನಾರ್ಹ.

ಪ್ರತಿ ಹೊಸ ಮಾಧ್ಯಮ ಬಂದಾಗಲೂ ಹಿರಿಯರು ಹೀಗೇ ಹೆದರಿದ್ದರು, ಕಾದಂಬರಿಗೂ ಸಿನಿಮಾಕ್ಕೂ ಟಿವಿಗೂ ಇದೇ ಆರೋಪ ಬಂದಿತ್ತು ಎಂಬ ಆಕ್ಷೇಪಕ್ಕೂ ಆಧಾರವಿದೆ. ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 2019ರಲ್ಲಿ 3.5 ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ವಿಶ್ಲೇಷಿಸಿ, ಅವರ ಯೋಗಕ್ಷೇಮದಲ್ಲಿನ ವ್ಯತ್ಯಾಸದಲ್ಲಿ ಡಿಜಿಟಲ್ ತಂತ್ರಜ್ಞಾನದ ಬಳಕೆ ವಿವರಿಸಬಲ್ಲದ್ದು ಹೆಚ್ಚೆಂದರೆ ಶೇ. 0.4 ಎಂದರು. ಈ ಅಂಕಿಯನ್ನು ಭಯಕ್ಕೆ ಕಾರಣವಿಲ್ಲವೆನ್ನಲು ಬಳಸುವುದುಂಟು. ಆದರೆ ಅದು ಹೇಳುವುದು ಎಲ್ಲರ ಬಳಕೆಯ ಪ್ರಮಾಣದ ಸರಾಸರಿ ಪರಿಣಾಮವನ್ನು. ಹತ್ತರಲ್ಲಿ ಏಳೆಂಟು ಮಂದಿಗೆ ಏನೂ ಆಗದೆ, ಇಬ್ಬರಿಗೆ ಪರೀಕ್ಷೆ ಕೈತಪ್ಪುವಷ್ಟು ತೊಂದರೆಯಾದರೂ ಸರಾಸರಿ ಸಣ್ಣದಾಗಿಯೇ ಕಾಣುತ್ತದೆ. ಪ್ರಮಾಣ ತಪ್ಪು ಅಳತೆಯೆಂದ ಮೇಲೆ ಪ್ರಮಾಣದ ಪರಿಣಾಮ ಸಣ್ಣದೆಂಬುದು ನಿರೀಕ್ಷಿತವೇ.

ಭಾರತದ ಚಿತ್ರ ಬದಲಾದದ್ದು 2016ರಲ್ಲಿ. ಆ ವರ್ಷ ಯುಪಿಐ ಬಂತು, ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಶುರುವಾಗಿ ಡೇಟಾ ಬೆಲೆ ಕುಸಿಯಿತು. ಕಂಪ್ಯೂಟರ್ ಕಾಣದ ಅಸಂಖ್ಯಾತ ಮನೆಗಳಿಗೆ ಸ್ಮಾರ್ಟ್‌ಫೋನೇ ಮೊದಲ ಮತ್ತು ಏಕೈಕ ಇಂಟರ್ನೆಟ್ ಸಾಧನವಾಯಿತು. ಪಶ್ಚಿಮದ ವಿದ್ಯಾರ್ಥಿ ಓದನ್ನು ಲ್ಯಾಪ್‌ಟಾಪಿಗೂ ಮನರಂಜನೆಯನ್ನು ಫೋನಿಗೂ ಹಂಚಬಹುದು. ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ಕೆಪಿಎಸ್‌ಸಿ ಪರೀಕ್ಷೆಗೆ ಯೂಟ್ಯೂಬ್ ಪಾಠ ನೋಡಿ ಸಿದ್ಧನಾಗುವವನಿಗೆ ಪಾಠವೂ ರೀಲ್ಸೂ ಒಂದೇ ಪರದೆಯಲ್ಲಿ, ಒಂದು ಬೆರಳಿನ ಅಂತರದಲ್ಲಿ ಇರುತ್ತವೆ. ಫೋನ್ ಬಿಡು ಎಂದರೆ ಓದು ಬಿಡು ಎಂದಂತೆಯೇ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ದೇಶದಲ್ಲೇ ಮೊದಲಿಗೆ ಆರಂಭಿಸಿದ ಶಟ್ ಕ್ಲಿನಿಕ್ ಈ ವಾಸ್ತವವನ್ನು ಒಪ್ಪಿಕೊಂಡೇ ಹೊರಟಿತು. ಡಾ. ಮನೋಜ್ ಕುಮಾರ್ ಶರ್ಮಾ ಅವರ ನೇತೃತ್ವದ ಈ ಚಿಕಿತ್ಸಾಲಯ ತನ್ನ ಪೂರ್ಣ ಹೆಸರಿನಲ್ಲೇ ತಂತ್ರಜ್ಞಾನದ ಆರೋಗ್ಯಕರ ಬಳಕೆಯನ್ನು ಗುರಿಯಾಗಿಟ್ಟುಕೊಂಡಿದೆ. ಮದ್ಯದಂತೆ ಪೂರ್ತಿ ತ್ಯಜಿಸುವುದು ಇಲ್ಲಿ ಗುರಿಯಾಗಲಾರದು. ದೆಹಲಿಯ ಏಮ್ಸ್‌ನಲ್ಲೂ 2016ರಲ್ಲಿ ವರ್ತನಾ ವ್ಯಸನಗಳ ಚಿಕಿತ್ಸಾಲಯ ಶುರುವಾಯಿತು. ದೂರದ ಊರಿನವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹತ್ತಿರದ ದಾರಿ, ಅದರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಪರಿಹಾರಗಳ ಪೈಕಿ ಸರ್ಕಾರಗಳಿಗೆ ಸುಲಭವೆನ್ನಿಸಿದ್ದು ಶಾಲೆಗಳಲ್ಲಿ ನಿಷೇಧ. ಸ್ಮಾರ್ಟ್‌ಫೋನ್ ಅತಿಬಳಕೆಯ ಬಗ್ಗೆ ಪ್ರತಿವರ್ಷ ರಾಷ್ಟ್ರವ್ಯಾಪಿ ಸಮೀಕ್ಷೆ ನಡೆಸುವ ದಕ್ಷಿಣ ಕೊರಿಯಾ ಕೂಡ 2025ರಲ್ಲಿ ತರಗತಿಗಳಲ್ಲಿ ಫೋನ್ ನಿಷೇಧಿಸುವ ಕಾನೂನು ಮಾಡಿತು. ವಯಸ್ಕರಿಗೆ ಇದು ಅನ್ವಯಿಸದು, ಅನ್ವಯಿಸಲೂಬಾರದು. ಅವರಿಗೆ ಈವರೆಗೆ ಫಲ ಕೊಟ್ಟಿರುವುದು ಸಣ್ಣ ಅಡೆತಡೆಗಳು. ಕೆನಡಾದ ಜೇ ಓಲ್ಸನ್ ಮತ್ತು ಸಂಗಡಿಗರು ಅನಗತ್ಯ ನೋಟಿಫಿಕೇಶನ್ ನಿಲ್ಲಿಸುವುದು, ಪರದೆಯನ್ನು ಕಪ್ಪುಬಿಳುಪಾಗಿಸುವುದು, ರಾತ್ರಿ ಫೋನನ್ನು ಹಾಸಿಗೆಯಿಂದ ದೂರವಿಡುವುದು ಮುಂತಾದ 10 ಕ್ರಮಗಳನ್ನು ಒಟ್ಟಾಗಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದಾಗ, ಕನಿಷ್ಠ 6 ವಾರಗಳವರೆಗೆ ಸಮಸ್ಯಾತ್ಮಕ ಬಳಕೆಯ ಅಂಕ ಇಳಿದೇ ಇತ್ತು. ಇವು ಪರಿಣಾಮಕಾರಿಯಾಗಲು ಕಾರಣ, ಸೋಲುವ ಗಳಿಗೆ ಬರುವ ಮೊದಲೇ ನಿರ್ಧಾರ ಆಗಿಹೋಗಿರುತ್ತದೆ.

ಆದರೂ ಕೋಣೆಯೊಳಗಿನ ಉಪಾಯಗಳು ಕೋಣೆಯ ಹೊರಗಿನ ಒತ್ತಡಕ್ಕೆ ಉತ್ತರವಾಗಲಾರವು. ದುಡಿಯುವ ಯುವಕ ಯುವತಿಯರು ನೋಟಿಫಿಕೇಶನ್ ನಿಲ್ಲಿಸಲು ಹೆದರುವುದಕ್ಕೆ ದೊಡ್ಡ ಕಾರಣ ರಾತ್ರಿ ಹತ್ತಕ್ಕೂ ಬರಬಹುದಾದ ಕಚೇರಿಯ ವಾಟ್ಸ್‌ಆ್ಯಪ್ ಸಂದೇಶ. ಅದನ್ನು ನೋಡಲು ತೆರೆದ ಪರದೆಯಲ್ಲೇ ಉಳಿದದ್ದೆಲ್ಲ ಕಾದಿರುತ್ತದೆ. ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರ ಆಗಸ್ಟಿನಿಂದ ಕೆಲಸದ ವೇಳೆಯ ಆಚೆ ಸಂಪರ್ಕಕ್ಕೆ ಸಿಗದಿರುವ ಹಕ್ಕನ್ನು ಕಾನೂನಿನಲ್ಲಿ ಒಪ್ಪಿಕೊಂಡಿವೆ. ಭಾರತದಲ್ಲಿ ಇಂಥ ಮಸೂದೆ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಪ್ರಯತ್ನವಾಗಿ ಮಂಡನೆಯಾಗಿದ್ದುಂಟು. ದೇಶದ ಐಟಿ ಉದ್ಯೋಗಿಗಳ ದೊಡ್ಡ ಪಾಲು ಬೆಂಗಳೂರಿನಲ್ಲಿರುವಾಗ, ಶಟ್ ಕ್ಲಿನಿಕ್‌ನ ಸಲಹೆಗೆ ಸಂಜೆಯ ಹೊತ್ತಿನಲ್ಲಿ ಬಲ ಬರಬೇಕಾದರೆ ಇಲ್ಲಿನ ಕಂಪನಿಗಳ ಕೆಲಸದ ನಿಯಮವೂ ಆ ಸಲಹೆಯ ಜೊತೆಗೇ ಬದಲಾಗಬೇಕಾಗುತ್ತದೆ.